ಇಳಿಯಬಾರದ್ದು ಇಳಿದಾಗ

“ಇಳದಾವ್ರೀ! ಎರಡೂ ಇಳದಾವ!”

ಫೋನಿನಲ್ಲಿ ಶಂಭುಲಿಂಗನ ದನಿ ಎಷ್ಟು ಜೋರಾಗಿತ್ತೆಂದರೆ, ಕಾಟಾದ ಮೇಲೆ ನಿಂತಿದ್ದ ಅದಿರಿನ ಲಾರಿಯ ಡ್ರೈವರ್ ಕೂಡ ಕಿಟಕಿಯಿಂದ ತಲೆ ಹೊರಹಾಕಿ ನೋಡಿದ. ಸುಮಂಗಲಾ ಫೋನನ್ನು ಕಿವಿಯಿಂದ ಒಂದಿಷ್ಟು ದೂರ ಹಿಡಿದಳು. ಸಂಡೂರಿನ ಹೊರಗೆ, ಗಣಿಯಿಂದ ಇಳಿದು ಬರುವ ಲಾರಿಗಳನ್ನು ತೂಗುವ ಆ ಕಾಟಾದ ಪಕ್ಕದ ಪುಟ್ಟ ಕ್ಯಾಬಿನ್ನಿನಲ್ಲಿ ಅವಳ ಕೆಲಸ. ಎದುರಿನ ಡಬ್ಬಿಯಲ್ಲಿ ಕೆಂಪು ಅಂಕಿಗಳು ಕುಣಿದು ಕುಣಿದು ಒಂದು ಕಡೆ ನಿಲ್ಲುತ್ತವೆ. ನಿಂತದ್ದನ್ನು ಅವಳು ಕಂಪ್ಯೂಟರಿಗೆ ಹಾಕುತ್ತಾಳೆ.

“ಏನು ಇಳದಾವ? ನಿಧಾನಕ್ಕ ಹೇಳ್ರಿ.”

“ನಿಮ್ಮ ರಿಪೋರ್ಟು! ಲ್ಯಾಬ್ ಮುಂದನ ನಿಂತೀನಿ. ಸಿ-ತ್ರೀ ಅಂತ ಐತಲ್ಲ, ಹೋದ ಸಲ ಎಂಬತ್ತೆರಡು ಇತ್ತು, ಈಗ ನಲವತ್ತೊಂದು. ಅರ್ಧಕ್ಕರ್ಧ! ಸಿ-ಫೋರ್ ಹನ್ನೊಂದಿದ್ದದ್ದು ನಾಕಕ್ಕ ಬಂದೈತಿ. ದಪ್ಪಕ್ಷರದಾಗ ಹಾಕ್ಯಾರ್ರಿ ಮೇಡಂ, ದಪ್ಪಕ್ಷರದಾಗ!”

ಸುಮಂಗಲಾಳ ಬೆರಳುಗಳು ಕೀಬೋರ್ಡಿನ ಮೇಲೆ ಹಾಗೇ ನಿಂತವು.

“ಮತ್ತ... ಡಿಎನ್‌ಎ ಅಂತ ಒಂದು ಇರ್ತೈತಿ ನೋಡ್ರಿ.”

“ಹಾಂ, ಅದೊಂದು ಏರೈತಿ. ಇರಲಿ ಬಿಡ್ರಿ, ಎರಡು ಇಳದು ಒಂದು ಏರಿದ್ರ ನಾವು ಗೆದ್ದಂಗ. ಮೂತ್ರದ್ದು, ಕಿಡ್ನೀದು ನಾಳೆ ಬರ್ತಾವಂತ. ಯಾಕ್ರಿ, ಮಾತಾಡವಲ್ರಿ? ಖುಷಿ ಆಗ್ಲಿಲ್ಲೇನು?”

ಹೊರಗೆ ಲಾರಿಯವನು ಹಾರ್ನ್ ಒತ್ತಿದ. ಫೋನಿನೊಳಗೆ ಶಂಭುಲಿಂಗ ಉಸಿರು ಬಿಗಿಹಿಡಿದು ಕಾಯುತ್ತಿದ್ದ.

“ಹೂಂ,” ಅಂದಳು ಸುಮಂಗಲಾ.

ಒಂದೇ ಅಕ್ಷರ. ಅದರ ಹಿಂದೆ ಬರಬೇಕಾಗಿದ್ದ ಮಾತು ಬರಲಿಲ್ಲ. ಆಚೆ ಕಡೆ ಅವನು ಯಾರಿಗೋ, “ನಮ್ಮವರದು ಆರಾಮಾತು,” ಎನ್ನುತ್ತಿದ್ದ. ನಮ್ಮವರು ಎಂಬ ಮಾತಿಗೆ ಅವಳ ಕೆನ್ನೆ ಬಿಸಿಯಾಯಿತು. ಫೋನಿಟ್ಟು, ಲಾರಿಯ ತೂಕ ತಪ್ಪು ಬರೆದು, ಬೈಸಿಕೊಂಡಳು.

ಅವಳಿಗಿದ್ದದ್ದು ಲೂಪಸ್. ಮೈಯನ್ನು ಕಾಯಬೇಕಾದ ರಕ್ತವೇ ಮೈಯ ಮೇಲೆ ತಿರುಗಿಬೀಳುವ ಕಾಯಿಲೆ. ಇವತ್ತು ಕೀಲು, ನಾಳೆ ಚರ್ಮ, ಮನಸ್ಸು ಬಂದರೆ ಕಿಡ್ನಿ. ಬಿಸಿಲು ಬಿದ್ದರೆ ಎರಡೂ ಕೆನ್ನೆ ಕೆಂಪೇರಿ ಉರಿಯುತ್ತವೆ. ಬಳ್ಳಾರಿ ಸೀಮೆಯಲ್ಲಿ ಹುಟ್ಟಿ ಬಿಸಿಲಿಗೆ ಹೆದರಿ ಬದುಕುವುದೆಂದರೆ ಏನೆಂದು ಅವಳನ್ನೇ ಕೇಳಬೇಕು. ಸಿ-ತ್ರೀ, ಸಿ-ಫೋರ್ ಎಂಬವು ರಕ್ತದಲ್ಲಿರುವ ಕಾವಲಿನ ಪ್ರೋಟೀನುಗಳು. ಕಾಯಿಲೆ ಕೆರಳಿದಾಗ ಅವು ಖರ್ಚಾಗಿ ಹೋಗುತ್ತವೆ. ಸಕ್ಕರೆ ಇಳಿದರೆ, ಬಿಪಿ ಇಳಿದರೆ ಮನೆಯಲ್ಲಿ ಹಬ್ಬ. ಇವೆರಡು ಇಳಿದರೆ ಸೂತಕ.

ಶಂಭುಲಿಂಗನಿಗೆ ಇದು ತಿಳಿದಿರಲಿಲ್ಲ, ಮತ್ತು ತಪ್ಪು ಅವನೊಬ್ಬನದೇ ಅಲ್ಲ. ಹಿಂದೊಮ್ಮೆ ಇಎಸ್‌ಆರ್ ಎಂಬ, ಇಳಿದರೆ ಒಳ್ಳೆಯದಾದ ಇನ್ನೊಂದು ಅಂಕಿ ಇಳಿದಾಗ “ಇಳದೈತ್ರಿ, ಛಲೋ ಆತು” ಎಂದು ಇವಳೇ ಅವನ ಮುಂದೆ ಕುಣಿದಿದ್ದಳು. ಅವನಾದರೋ ಕಂಪ್ಲಿಯ ಅಕ್ಕಿ ಮಿಲ್ಲಿನವನು. ಭತ್ತದ ಲೋಡು ಬಂದ ಕೂಡಲೇ ಒಂದು ಹಿಡಿ ತೆಗೆದು ತೇವ ಅಳೆಯುವ ಮಷೀನಿಗೆ ಹಾಕುವುದು, ಅಂಕಿ ಇಳಿದಷ್ಟೂ ಮಾಲು ಒಳ್ಳೆಯದೆಂದು ತಲೆಯಾಡಿಸುವುದು. ಹುಟ್ಟಿದಾಗಿನಿಂದ ನೋಡಿದ್ದು ಇದನ್ನೇ. ಇಳಿದದ್ದು ಕೆಟ್ಟದ್ದಾಗಬಹುದು ಎಂಬ ಯೋಚನೆಯೇ ಅವನಿಗೆ ಬರುವಂತಿರಲಿಲ್ಲ.

ಅವರಿಬ್ಬರು ಭೇಟಿಯಾದದ್ದೂ ಆ ಲ್ಯಾಬಿನಲ್ಲೇ. ಹೊಸಪೇಟೆಯ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆ, ಬೆಳಗಿನ ಹೊತ್ತು, ಖಾಲಿ ಹೊಟ್ಟೆಯಲ್ಲಿ ಕೂತ ಜನ. ಶಂಭುಲಿಂಗ ಅಪ್ಪ ದೊಡ್ಡಬಸಪ್ಪನವರನ್ನು ಸಕ್ಕರೆ ಪರೀಕ್ಷೆಗೆ ಕರೆತಂದಿದ್ದ. ಸುಮಂಗಲಾಳಿಗೆ ಸಿಕ್ಕಿದ್ದು ಪೂರ್ವದ ಕಿಟಕಿಯ ಎದುರಿನ ಕುರ್ಚಿ. ಪರದೆ ಇಲ್ಲದ ಕಿಟಕಿ, ಬಿಸಿಲು ನೇರ ಮುಖಕ್ಕೆ. ದುಪಟ್ಟಾ ಎಳೆದುಕೊಂಡಳು, ಸಾಲಲಿಲ್ಲ. ಪಕ್ಕದಲ್ಲಿ ನಿಂತಿದ್ದ ಎತ್ತರದ ಆಳನ್ನು ನೋಡಿ, “ರೀ, ಒಂದೀಟು ಈ ಕಡೆ ಸರೀರಿ,” ಅಂದಳು.

“ಯಾಕ್ರಿ, ಗಾಳಿಗೆ ಅಡ್ಡ ಬಂದ್ನೇನು?”

“ಇಲ್ರಿ. ಬಿಸಿಲಿಗೆ ಅಡ್ಡ ಬರ್ರಿ.”

ಅವನು ಒಂದು ಕ್ಷಣ ಅವಳನ್ನೇ ನೋಡಿದ. ಆಮೇಲೆ ಕಿಟಕಿಯ ಕಡೆ ಸರಿದು, ತಲೆಯಿಂದ ಹಿಡಿದು ಸೊಂಟದವರೆಗಿನ ತನ್ನ ನೆರಳನ್ನು ಅವಳ ಮೇಲೆ ಬೀಳುವಂತೆ ಹೊಂದಿಸಿಕೊಂಡು ನಿಂತ. ಅವಳು ಬಾಗಿದರೆ ಅವನೂ ಬಾಗಿದ. ಅವಳು ನೀರಿನ ಬಾಟಲಿಗೆ ಕೈಚಾಚಿದರೆ ನೆರಳೂ ಕೈಯ ಜೊತೆ ಹೋಯಿತು. ನಗು ಬರುತ್ತಿದ್ದದ್ದನ್ನು ಅವಳು ಹಲ್ಲು ಕಚ್ಚಿ ತಡೆದಳು.

“ಬಾರಲೇ, ನಾಷ್ಟಾ ಮಾಡೂಣು,” ಎಂದು ಅಪ್ಪ ಕರೆದರು.

“ನೀವು ಮುಂದ ನಡೀರಿ. ನನಗ ಇಲ್ಲಿ ಡ್ಯೂಟಿ ಐತಿ,” ಅಂದ ಮಗ.

ಅಂದಿನಿಂದ ಅವಳು ಅವನಿಗೆ ಕಾಟಾ ಮೇಡಂ ಆದಳು, ಅವನು ಅವಳಿಗೆ ಮಿಲ್ ಸಾಹುಕಾರ. ಅಕ್ಕಿ ಸ್ಯಾಂಪಲ್ಲಿನ ನೆಪ ಹೇಳಿಕೊಂಡು ಸಂಡೂರಿಗೆ ಬರುವನು. ಬಸ್ಸಿನಲ್ಲಿ ಜೊತೆಯಾಗಿ ಹೋಗುವಾಗ ಯಾವ ಕಡೆ ಬಿಸಿಲೋ ಆ ಕಡೆ ತಾನು ಕೂರುವನು. ಮಳೆಯ ಸುಳಿವಿಲ್ಲದ ದಿನಗಳಲ್ಲಿ ಕರಿ ಛತ್ರಿ ಹಿಡಿದು ಓಡಾಡುವ ಸಾಹುಕಾರರ ಮಗನನ್ನು ನೋಡಿ ಮಿಲ್ಲಿನ ಹಮಾಲರು ಮುಸಿಮುಸಿ ನಕ್ಕರು, ಅವನು ಕ್ಯಾರೇ ಅನ್ನಲಿಲ್ಲ.

ಸಂಜೆ ಹಂಪಿಗೆ ಹೋಗುವರು. ಊರೂರಿನ ಮಂದಿ ಹೊತ್ತು ಮುಳುಗುವುದನ್ನು ನೋಡಲು ಹೇಮಕೂಟ ಹತ್ತುತ್ತಾರೆ. ಇವರು ಹತ್ತುತ್ತಿದ್ದುದು ಮುಳುಗಿದ ಮೇಲೆ, ಮಂದಿ ಇಳಿಯುವಾಗ. ಎದುರು ಬಂದವರು, “ಸನ್‌ಸೆಟ್ ಮುಗೀತಲ್ರೀ,” ಎಂದರೆ ಶಂಭುಲಿಂಗ, “ನಮ್ಮದು ಈಗ ಶುರು ಆಕ್ಕೈತ್ರಿ,” ಅನ್ನುವನು. ಹಗಲೆಲ್ಲ ಕಾದ ಬಂಡೆಗಳು ಆ ಹೊತ್ತಿಗೆ ಇನ್ನೂ ಬೆಚ್ಚಗಿರುತ್ತಿದ್ದವು. ಅವಳ ನೋಯುವ ಬೆರಳುಗಳನ್ನು ಬಂಡೆಯ ಮೇಲಿಟ್ಟು, ಮೇಲೆ ತನ್ನ ಕೈ ಇಟ್ಟು ಕೂರುವನು.

ಶಂಭುಲಿಂಗನ ಮನೆಯಲ್ಲಿ ವಿಷಯ ಗೊತ್ತಾದಾಗ ತಾಯಿ ಜಂಬಮ್ಮ ಒಮ್ಮೆಗೇ ಒಪ್ಪಲಿಲ್ಲವಂತೆ. ಜಾತಿ ಬೇರೆ, ಅಂತಸ್ತು ಬೇರೆ, ಎಲ್ಲವನ್ನೂ ಆ ತಾಯಿ ಹೇಗೋ ನುಂಗಿಕೊಂಡರು. ಕಾಯಿಲೆಯೊಂದೇ ಗಂಟಲಲ್ಲಿ ಸಿಕ್ಕಿಕೊಂಡಿತು. ಒಬ್ಬನೇ ಮಗ. “ರಕ್ತ ಒಂದು ಸುಧಾರಿಸಲಿ. ರಿಪೋರ್ಟ್ ಛಲೋ ಬಂತಂದ್ರ ಫಲಪೂಜಿ ದಿನ ಹಂಪ್ಯಾಗ ನಾನ ಉಡಿ ತುಂಬತೀನಿ,” ಎಂದಿದ್ದರು. ಫಲಪೂಜೆಯೆಂದರೆ ಪಂಪಾದೇವಿಗೂ ವಿರೂಪಾಕ್ಷನಿಗೂ ನಿಶ್ಚಿತಾರ್ಥ ನಡೆಯುವ ದಿನ. ದೇವರ ನಿಶ್ಚಯದ ದಿನವೇ ಹುಡುಗಿಯ ಸೆರಗಿಗೆ ಅಕ್ಕಿ ತುಂಬಿ ಮಗನ ನಿಶ್ಚಯವನ್ನೂ ಮಾಡಬೇಕೆಂದು ಆ ತಾಯಿಯ ಆಸೆ.

ಈಗ ರಿಪೋರ್ಟ್ ಬಂದಿತ್ತು. ಮಗ ಓದಿ ಹೇಳಿದ್ದ. ಹುಡುಗಿ ಹೂಂ ಅಂದಿದ್ದಳು.

ಅಂದು ಸಂಜೆಯೇ ಜಂಬಮ್ಮನ ಫೋನು.

“ಇಳದಾವಂತಲ್ಲ ನನ್ನವ್ವಾ! ಕೇಳಿ ಕಣ್ಣಾಗ ನೀರು ಬಂತು ನೋಡು. ನಿನಗಂತ ಸೋನಾಮಸೂರಿ ಹೊಸ ಅಕ್ಕಿ ತಗದಿಟ್ಟೀನಿ, ಉಡಿ ತುಂಬಾಕ. ಹಸರು ಸೀರಿ ತಂದೀನಿ. ಹಸರು ಒಪ್ಪತೈತಲ್ಲ ನಿನಗ?”

“ಒಪ್ಪತೈತ್ರಿ,” ಅಂದಳು ಸುಮಂಗಲಾ.

ಬಳ್ಳಾರಿಯ ಡಾಕ್ಟರು ರಿಪೋರ್ಟುಗಳನ್ನೆಲ್ಲ ಮೇಜಿನ ಮೇಲೆ ಹರಡಿಕೊಂಡು ಕನ್ನಡಕ ತೆಗೆದರು. ಐವತ್ತರ ಹೆಂಗಸು, ಮಾತು ಖಡಕ್ಕು. ಸುಮಂಗಲಾಳ ಪಕ್ಕದಲ್ಲಿ ಅವಳ ಅವ್ವ ಹೊಳೆಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಚ್ಚುತ್ತಿದ್ದಳು.

“ಮೂತ್ರದಲ್ಲಿ ನೊರೆ ಎಷ್ಟು ದಿವಸದಿಂದ ಬರ್ತಾ ಇದೆ?”

“ಒಂದು ತಿಂಗಳಾತ್ರಿ.”

“ಯಾಕೆ ಹೇಳಲಿಲ್ಲ?”

ಯಾಕೆಂದರೆ ಹೇಳಿದರೆ ಅದು ನಿಜವಾಗುತ್ತಿತ್ತು. ಇದನ್ನು ಡಾಕ್ಟರಿಗೆ ಹೇಳುವುದು ಹೇಗೆ?

“ನೋಡು, ಪ್ರೋಟೀನ್ ಮೂತ್ರದಲ್ಲಿ ಸೋರಿ ಹೋಗ್ತಾ ಇದೆ. ಸ್ವಲ್ಪ ಅಲ್ಲ, ಬಹಳ. ಕ್ರಿಯಾಟಿನಿನ್ ಏರಿದೆ, ಅಂದ್ರೆ ಕಿಡ್ನಿ ಸೋಸೋ ಕೆಲಸ ಸರಿಯಾಗಿ ಮಾಡ್ತಿಲ್ಲ. ಡಿಎನ್‌ಎ ಮೇಲೆ ದಾಳಿ ಮಾಡೋ ಆಂಟಿಬಾಡಿ ಏರಿದೆ. ಸಿ-ತ್ರೀ, ಸಿ-ಫೋರ್ ಬಿದ್ದುಹೋಗಿದೆ. ಜಗಳಕ್ಕೆ ಹೋದ ಜನ ಮನೆಯಲ್ಲಿ ಇರೋದಿಲ್ಲವಲ್ಲ, ಹಾಗೆ. ಅವು ಕಡಿಮೆ ಆಗಿವೆ ಅಂದ್ರೆ ಒಳಗೆ ಜೋರು ಜಗಳ ನಡೀತಿದೆ ಅಂತ. ಬಯಾಪ್ಸಿ ಮಾಡಿ ಎಷ್ಟು ಹಾಳಾಗಿದೆ ನೋಡಬೇಕು. ಇವತ್ತೇ ಅಡ್ಮಿಟ್ ಆಗು.”

“ಫಲಪೂಜಿ ಮುಗಿಸಿ ಬರ್ತೀನ್ರಿ. ಮರುದಿನ ಬಂದುಬಿಡ್ತೀನಿ.”

“ಕಿಡ್ನಿಗೆ ಪೂಜೆ-ಗೀಜೆ ಗೊತ್ತಾಗಲ್ಲಮ್ಮ!” ಡಾಕ್ಟರು ಸಿಡುಕಿದರು. ಆಮೇಲೆ ಅವಳ ಮುಖ ನೋಡಿ ದನಿ ತಗ್ಗಿಸಿದರು. “ಮದುವೆ ವಿಷಯಾನಾ? ಮದುವೆ ಆಗಬಾರದು ಅಂತ ನಾನು ಹೇಳೋದಿಲ್ಲ. ಮಗು ಮಾತ್ರ ಈಗ ಬೇಡ. ಕೊಡೋ ಔಷಧಿ ಭಾರೀದು, ಮುಂದೆ ಮಗು ಆಗುತ್ತೋ ಇಲ್ಲವೋ ಅದನ್ನೂ ಈಗಲೇ ಹೇಳಕ್ಕಾಗಲ್ಲ. ಹುಡುಗನಿಗೆ ಎಲ್ಲಾ ತಿಳಿಸು. ಕರ್ಕೊಂಡು ಬಾ, ನಾನೇ ಕೂತು ಹೇಳ್ತೀನಿ.”

ಸುಮಂಗಲಾ ಅಡ್ಮಿಟ್ ಆಗದೆ ಊರಿನ ಬಸ್ಸು ಹತ್ತಿದಳು. ತೋರಣಗಲ್ಲು ದಾಟಿದ ಮೇಲೆ ಹೊಳೆಮ್ಮ ಮಗಳ ಕಿವಿಯ ಹತ್ತಿರ ಬಂದು, “ಹೇಳಬ್ಯಾಡ,” ಅಂದಳು. “ಮೊದಲು ಉಡಿ ತುಂಬಿಸಿಕೊ. ನೀನೇನು ಸುಳ್ಳು ಹೇಳಿಲ್ಲಲ್ಲ. ಅವರೇ ತಪ್ಪು ತಿಳಕೊಂಡಾರ.”

“ಯವ್ವಾ, ಹಂಗ ಹೆಂಗ...”

“ನನ್ನ ಕಾಲಕ್ಕ ಯಾರು ಕಿಡ್ನಿ ನೋಡಿ ಲಗ್ನ ಆಗಿದ್ರು? ಸುಮ್ನಿರು.” ಹೊಳೆಮ್ಮ ಕಿಟಕಿಯ ಕಡೆ ತಿರುಗಿ ಅಳುತ್ತಿದ್ದಳು.

ಸುಮಂಗಲಾ ಹೇಳಬೇಕೆಂದು ದಿನಾ ಫೋನು ಕೈಗೆತ್ತಿಕೊಳ್ಳುವಳು. ಅವನು ಹಲೋ ಅನ್ನುವಾಗಲೇ ಆ ದನಿಯಲ್ಲಿ ಸಂತೋಷ ತುಳುಕುವುದು. ಮಿಲ್ಲಿನಲ್ಲಿ ಎಲ್ಲರಿಗೂ ಪೇಡೆ ಹಂಚಿದೆ ಅನ್ನುವನು. ಹಮಾಲರು ನಿಮ್ಮ ಹೆಸರಿನಲ್ಲಿ ಜೈ ಅಂದರು ಅನ್ನುವನು. ಇವಳು ನಕ್ಕು ಫೋನಿಡುವಳು. ಬೆಳಗ್ಗೆ ಕಣ್ಣಿನ ರೆಪ್ಪೆ ಊದಿಕೊಂಡಿದ್ದನ್ನು ಕನ್ನಡಿಯಲ್ಲಿ ನೋಡಿಕೊಂಡು, ತಣ್ಣೀರು ಹಚ್ಚಿ, ಕೆಲಸಕ್ಕೆ ಹೊರಡುವಳು.

ಫಲಪೂಜೆಯ ಹಿಂದಿನ ಸಂಜೆ ಅವನು ಹಂಪಿಗೆ ಕರೆದ. ಮಂದಿ ಇಳಿಯುತ್ತಿದ್ದರು, ಇವರು ಹತ್ತಿದರು. ಅರ್ಧ ದಾರಿಗೇ ಅವಳಿಗೆ ಏದುಸಿರು ಬಂತು, ಒಂದು ಬಂಡೆಯ ಮೇಲೆ ಕೂತಳು.

“ಮೇಡಂ, ಇತ್ತೀಚಿಗೆ ಮೈ ತುಂಬಿಕೊಂಡೀರಿ. ಮುಖ ದುಂಡಗ ಆಗಿ ಭಾಳ ಚಂದ ಕಾಣಾಕ ಹತ್ತೀರಿ.”

“ಸುಳ್ಳು ಹೇಳಬ್ಯಾಡ್ರಿ ಸಾಹುಕಾರ್ರ.”

“ನಾನ್ಯಾಕ ಸುಳ್ಳು ಹೇಳ್ಲಿ? ಕಾಲು ಕೊಡ್ರಿ ಇಲ್ಲಿ.”

ಕಿಸೆಯಿಂದ ಅವನು ಬೆಳ್ಳಿಯ ಕಾಲ್ಗೆಜ್ಜೆ ತೆಗೆದ. ಅವಳು ಬೇಡ ಬೇಡವೆಂದು ಕಾಲು ಹಿಂದಕ್ಕೆಳೆದುಕೊಂಡಳು, ಅವನು ಬಿಡಲಿಲ್ಲ. ಮುಂದೆ ಕೂತು ಪಾದವನ್ನು ತನ್ನ ಮೊಣಕಾಲ ಮೇಲಿಟ್ಟುಕೊಂಡ. ಗೆಜ್ಜೆ ಸುತ್ತಿದ, ಕೊಂಡಿ ಕೂಡಲಿಲ್ಲ. ಎಳೆದು ನೋಡಿದ.

“ನೀವು ಹೊಸಪ್ಯಾಟಿಯಾಗ ಅಳತಿಗೆ ಕೊಟ್ಟಿದ್ರಲ್ಲ, ಆ ಹಳೇ ಗೆಜ್ಜಿ ಅಳತೀನ ಹೇಳಿ ಮಾಡಿಸೀನಿ,” ಎಂದು ಗೊಣಗುತ್ತ, ಹೆಬ್ಬೆರಳಿನಿಂದ ಕಾಲನ್ನು ಒತ್ತಿಹಿಡಿದು ಕೊಂಡಿ ಹಾಕಲು ನೋಡಿದ. ಆಗಲಿಲ್ಲ. ಕೈ ತೆಗೆದ.

ಹೆಬ್ಬೆರಳು ಒತ್ತಿದ ಜಾಗದಲ್ಲಿ ಗುಂಡಿ ಬಿದ್ದಿತ್ತು. ಅವನು ನೋಡಿದ. ಗುಂಡಿ ಹಾಗೇ ಇತ್ತು. ಪಕ್ಕದಲ್ಲಿ ಇನ್ನೊಮ್ಮೆ ಮೆಲ್ಲಗೆ ಒತ್ತಿದ, ಅಲ್ಲೂ ಗುಂಡಿ. ದಿನಾ ಕಾಳು ಹಿಸುಕಿ ನೋಡುವ ಹೆಬ್ಬೆರಳು ಅದು. ಅದಕ್ಕೆ ಯಾವ ರಿಪೋರ್ಟೂ ಬೇಕಾಗಿರಲಿಲ್ಲ.

“ಇದ್ಯಾಕ ಮ್ಯಾಲ ಬರವಲ್ದು?” ಅವನ ದನಿ ಸಣ್ಣದಾಗಿತ್ತು. “ಸುಮಂಗಲಾ, ಇದೇನಿದು? ಮೈಯಾಗ ನೀರು ತುಂಬೈತೇನು?”

ಮೊದಲ ಸಲ ಅವನು ಅವಳನ್ನು ಬರೀ ಹೆಸರಿನಿಂದ ಕರೆದಿದ್ದ. ಎಷ್ಟೋ ದಿನದಿಂದ ಕಾದಿದ್ದ ಕರೆ ಅದು, ಬಂದದ್ದು ಈ ಹೊತ್ತಿನಲ್ಲಿ.

“ಕಿಡ್ನಿಗೆ ಬಂದೈತ್ರಿ,” ಅಂದಳು.

“ಹಂಗಂದ್ರ? ರಿಪೋರ್ಟಿನ್ಯಾಗ ಇಳದಿತ್ತಲ್ಲ...”

“ಇಳೀಬಾರದಿತ್ತು. ಅವೆರಡು ಇಳದ್ರ ಕೆಟ್ಟದ್ದು. ಏರಬೇಕಿತ್ತು.”

ಅವನು ಅವಳ ಕಾಲನ್ನು ಮೆಲ್ಲಗೆ ಕೆಳಗಿಟ್ಟ. ಗೆಜ್ಜೆ ಅವನ ಕೈಯಲ್ಲೇ ಇತ್ತು. ಕೆಳಗೆ ದೇವಸ್ಥಾನದಲ್ಲಿ ನಾಳಿನ ಪೂಜೆಗೆ ಯಾರೋ ಮೈಕು ಪರೀಕ್ಷೆ ಮಾಡುತ್ತಿದ್ದರು.

“ನಿಮಗ ಅವತ್ತ ಗೊತ್ತಿತ್ತು?”

“ಗೊತ್ತಿತ್ತು.”

“ಮತ್ತ ಹೂಂ ಅಂದ್ರಿ.”

ಅವಳು ಊದಿದ ಪಾದವನ್ನು ದುಪಟ್ಟಾದಿಂದ ಮುಚ್ಚಿಕೊಂಡಳು.

“ಇಡೀ ಮಿಲ್ಲಿಗೆ ಪೇಡೆ ಹಂಚೀನಿ ನಾನು. ನಮ್ಮವ್ವ ನಿಮ್ಮ ಹೆಸರಿಲೆ ಅಕ್ಕಿ ಆರಿಸಿಕೋತ ಕುಂತಾಳ. ನಾನೊಬ್ಬನ ಕುಣಕೋತ ಇದ್ದೆ, ನೀವು ನೋಡಿಕೋತ ನಿಂತ್ರಿ. ಒಂದು ಮಾತು ಹೇಳಬಾರದಿತ್ತೇನ್ರಿ?” ಅವನ ಸಿಟ್ಟಿನಲ್ಲಿ ಅಳು ಬೆರೆತಿತ್ತು. “ರೋಗ ಬಂದಿದ್ದಕ್ಕಲ್ಲ ನನಗ ಸಂಕಟ. ನನ್ನ ಬಿಟ್ಟು ನೀವೊಬ್ಬರ ಅತ್ತೀರಲ್ಲ, ಅದಕ್ಕ.”

“ನಿಮ್ಮ ದನಿ ಕೇಳಿದೆ ನೋಡ್ರಿ ಅವತ್ತು,” ಅಂದಳು ಸುಮಂಗಲಾ. “ಈ ರಕ್ತದ ಬಗ್ಗೆ ನಕ್ಕೋತ ಮಾತಾಡಿದವರು ನೀವೊಬ್ಬರ. ಡಾಕ್ಟರು, ನಮ್ಮವ್ವ, ಲ್ಯಾಬಿನವ್ರು, ಎಲ್ಲಾರೂ ಮುಖ ಸಣ್ಣದು ಮಾಡೇ ಹೇಳ್ತಾರ. ನೀವು ಇಳದಾವ್ರೀ ಅಂತ ಕೂಗಿದಾಗ, ಒಂದು ಗಳಿಗಿ ನನಗೂ ನಿಜ ಅನಿಸ್ತು. ಆ ಗಳಿಗಿ ಬಿಡಾಕ ಮನಸಾಗ್ಲಿಲ್ಲ. ನಿಮ್ಮ ಮ್ಯಾಲ ನನಗ ಎಷ್ಟು ಪ್ರೀತಿ ಅಂದ್ರ, ಸುಳ್ಳಾದ್ರೂ ಅದು ಬೇಕನಿಸ್ತು.”

ಪ್ರೀತಿ ಎಂಬ ಮಾತು ಅವರಿಬ್ಬರ ನಡುವೆ ಬಾಯಿಬಿಟ್ಟು ಬಂದದ್ದು ಅಂದೇ ಮೊದಲು. ಅವನು ಅವಳ ಎರಡೂ ಕೈಗಳನ್ನು ತನ್ನ ಮುಖಕ್ಕೆ ಒತ್ತಿಕೊಂಡ. ಅಂಗೈ ಒದ್ದೆಯಾಯಿತು.

“ನಾಳೆ ಉಡಿ ತುಂಬಿಸಿಕೊಳ್ರಿ,” ಅಂದ. “ಅವ್ವಗ ಆಮ್ಯಾಲ ಹೇಳಿದ್ರಾತು. ಲಗ್ನ ಆದ ಮ್ಯಾಲ.”

“ಬ್ಯಾಡ್ರಿ. ಸುಳ್ಳು ಹೂಂ ಅಂದದ್ದು ಒಂದು ಸಾಕು. ಇವತ್ತ ಹೇಳ್ರಿ ಅವರಿಗೆ.”

ಅವನು ಹೇಳಿದ. ಹೇಳದೆ ಇದ್ದಿದ್ದರೆ ಈ ಕಥೆ ಬೇರೆಯಾಗುತ್ತಿತ್ತೇನೋ. ಆದರೆ ಅವಳು ಕೇಳಿದ್ದಕ್ಕೆ ಇಲ್ಲವೆನ್ನುವುದು ಅವನಿಗೆ ಗೊತ್ತೇ ಇರಲಿಲ್ಲ.

ಮರುದಿನ ಬೆಳಗ್ಗೆ ಜಂಬಮ್ಮ ಬರುವುದಿಲ್ಲವೆಂದೇ ಸುಮಂಗಲಾ ಅಂದುಕೊಂಡಿದ್ದಳು. ಬಂದರು. ಹೊಳೆಯ ಕಡೆ ಜನ ಸೇರಿತ್ತು, ಓಲಗ ಕೇಳುತ್ತಿತ್ತು. ಇವರೆಲ್ಲ ಕೂತದ್ದು ಸ್ವಲ್ಪ ದೂರದ ಕಲ್ಲು ಮಂಟಪದ ಅಂಚಿನಲ್ಲಿ. ಬಿದಿರಿನ ಮೊರದಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನ ಬೇರು, ಎಲೆ ಅಡಿಕೆ, ಮಡಿಚಿಟ್ಟ ಹಸಿರು ಸೀರೆ. ಜಂಬಮ್ಮನ ಕಣ್ಣು ರಾತ್ರಿಯೆಲ್ಲ ಅತ್ತ ಕಣ್ಣು. ಮಂಟಪದ ಕಂಬದ ಸಂದಿಯಿಂದ ಬಿಸಿಲು ಸುಮಂಗಲಾಳ ಮುಖಕ್ಕೆ ಬಿತ್ತು. ಯಾರೂ ಹೇಳದೆ ಶಂಭುಲಿಂಗ ಎದ್ದು ಬಂದು ಆ ಸಂದಿಗೆ ಅಡ್ಡ ನಿಂತ.

“ನನ್ನವ್ವಾ,” ಜಂಬಮ್ಮ ಅವಳ ಗದ್ದ ಹಿಡಿದರು. “ನಿನಗಂತ ತಗದ ಅಕ್ಕಿ ಇದು. ತಿರುಗಿ ಮನಿಗೆ ಒಯ್ಯಾಕ ನನಗ ಮನಸಿಲ್ಲ. ನಾನು ಕೆಟ್ಟಾಕಿ ಅಲ್ಲ. ಆದ್ರ ನನಗ ಒಬ್ಬನ ಮಗ. ಅವರಪ್ಪನ ಜೀವಾನೂ ನೆಟ್ಟಗಿಲ್ಲ. ಇವನು ನೋಡಿದ್ರ ನೀನಿಲ್ಲಂದ್ರ ಉಣ್ಣೂದಿಲ್ಲ ಅಂತಾನ. ನಾನ್ಯಾಂಗ ತೀರ್ಮಾನ ಮಾಡ್ಲಿ? ನೀನ ಹೇಳು. ಸೊಸಿ ಅಂತ ತುಂಬಲೋ, ಮಗಳು ಅಂತ ತುಂಬಲೋ?”

ಹೊಳೆಮ್ಮ ಮಗಳ ಬೆನ್ನನ್ನು ಬೆರಳಿನಿಂದ ತಿವಿದಳು. ಅವಳ ಮೇಲೆ ಬಿದ್ದ ನೆರಳು ಅಲ್ಲಾಡಲಿಲ್ಲ, ಅವನು ಉಸಿರು ಬಿಗಿಹಿಡಿದದ್ದು ಮಾತ್ರ ಅವಳಿಗೆ ಕೇಳಿಸಿತು. ಅಂದು ಫೋನಿನಲ್ಲಿ ಕಾದ ಹಾಗೆಯೇ ಕಾಯುತ್ತಿದ್ದ.

ಆ ಮನೆಯಲ್ಲಿ ಮಗಳೆಂದು ಉಡಿ ತುಂಬಿಸಿಕೊಂಡರೆ ಮುಗಿಯಿತು. ಆಮೇಲೆ ಅವಳು ಆ ಮನೆಯ ಮಗಳು, ಅವನು ಅಣ್ಣ. ನಮ್ಮ ಕಡೆ ಇದನ್ನು ಯಾರೂ ಬರೀ ಮಾತಿಗೆ ಅನ್ನುವುದಿಲ್ಲ, ಅಂದ ಮೇಲೆ ಯಾರೂ ಅಳಿಸುವುದಿಲ್ಲ. ಸೊಸೆ ಅಂದುಬಿಡು ಎಂದು ಅವಳ ಜೀವ ಕೂಗಿತು. ಆದರೆ ಕಣ್ಣ ಮುಂದೆ ಬಂದದ್ದು ಆಸ್ಪತ್ರೆಯ ಬೆಂಚು, ಅದರ ಮೇಲೆ ಪ್ರತಿ ತಿಂಗಳೂ ರಿಪೋರ್ಟ್ ಹಿಡಿದು ಕೂತ ಇವನು. ಒಂದೊಂದು ಅಂಕಿಗೂ ಇವನ ದನಿ ಸಣ್ಣದಾಗುತ್ತ ಹೋಗುವುದು. ಕೊನೆಗೆ ಇವನೂ ಎಲ್ಲರಂತೆ ಮುಖ ಸಣ್ಣದು ಮಾಡಿ ಮಾತಾಡುವುದು. ಅದನ್ನು ಕೇಳಲಾರೆ ಅನಿಸಿತು ಅವಳಿಗೆ. ಇದನ್ನು ತ್ಯಾಗ ಎಂದು ಯಾರಾದರೂ ಹೊಗಳಿದರೆ ನಂಬಬೇಡಿ. ಅವಳು ಹೆದರಿದ್ದಳು, ಅಷ್ಟೇ.

“ಮಗಳು ಅಂತ ತುಂಬ್ರಿ,” ಎಂದು ಸೆರಗೊಡ್ಡಿದಳು.

ಜಂಬಮ್ಮ ಬೊಗಸೆ ಬೊಗಸೆ ಅಕ್ಕಿ ಹಾಕಿದರು. ಹಾಕುತ್ತ ಅತ್ತರು. ಉಡಿ ಭಾರವಾಗುತ್ತ ಹೋಯಿತು. ಶಂಭುಲಿಂಗ ಮಾತ್ರ ಕೊನೆಯ ಬೊಗಸೆಯ ತನಕ ಬಿಸಿಲಿಗೆ ಬೆನ್ನು ಕೊಟ್ಟು ಅಲ್ಲೇ ನಿಂತಿದ್ದ.

“ತಂಗೀನ್ನ ಬಸ್ಸಿಗೆ ಹತ್ತಿಸಿ ಬಾರಪಾ,” ಅಂದರು ತಾಯಿ.

ಇಬ್ಬರೂ ಬಸ್ ನಿಲ್ದಾಣಕ್ಕೆ ನಡೆದರು. ಹೊಳೆಮ್ಮ ಹಿಂದೆ ಹಿಂದೆ ಬಂದಳು. ಅವನು ಮೊದಲು ಬಸ್ಸು ಹತ್ತಿ, ಸೂರ್ಯ ಎಲ್ಲಿದ್ದಾನೆಂದು ಬಗ್ಗಿ ನೋಡಿ, ನೆರಳಿನ ಕಡೆಯ ಸೀಟಿಗೆ ಟವೆಲ್ಲು ಹಾಕಿದ. ಅವಳು ಕೂತಳು. ಅವನು ಕೆಳಗಿಳಿದು ಕಿಟಕಿಯ ಹತ್ತಿರ ಬಂದ.

“ನೀವು ನನ್ನನ್ನ ಒಂದು ಮಾತು ಕೇಳಲಿಲ್ಲ,” ಅಂದ. “ಯಾವ್ದು ಏರಬೇಕು, ಯಾವ್ದು ಇಳೀಬೇಕು... ಕಲಿಸಿದ್ರ ಕಲೀತಿದ್ನಿ.”

ಬಸ್ಸು ಹೊರಟಿತು.

ಬಳ್ಳಾರಿ ಆಸ್ಪತ್ರೆಯಲ್ಲಿ ಬಯಾಪ್ಸಿ ಆಯಿತು. ಡ್ರಿಪ್ಪಿನಲ್ಲಿ ಔಷಧಿ ಹೋಯಿತು, ಕೂದಲು ಹಿಡಿ ಹಿಡಿಯಾಗಿ ಬಾಚಣಿಗೆಗೆ ಬಂತು. ಮುಖ ಇನ್ನಷ್ಟು ದುಂಡಗಾಯಿತು, ಚಂದ ಕಾಣುತ್ತೀರಿ ಅನ್ನುವವರು ಯಾರೂ ಇರಲಿಲ್ಲ. ಉಡಿಯ ಅಕ್ಕಿಯನ್ನು ಹೊಳೆಮ್ಮ ಉಪ್ಪು ಹಾಕದೆ ಗಂಜಿ ಮಾಡಿ ಕುಡಿಸಿದಳು. ಶಂಭುಲಿಂಗ ಫೋನು ಮಾಡಲಿಲ್ಲ. ಇವಳೂ ಮಾಡಲಿಲ್ಲ. ಮಾಡಿ ಏನೆಂದು ಕರೆಯುವುದು?

ಬೇಸಿಗೆ ಶುರುವಾಗುವ ಹೊತ್ತಿಗೆ ಡಾಕ್ಟರು, “ಊರಲ್ಲೇ ರಕ್ತ ಕೊಟ್ಟು ರಿಪೋರ್ಟ್ ಕಳಿಸು,” ಎಂದರು. ಸುಮಂಗಲಾ ತಲೆಗೆ ಸ್ಕಾರ್ಫ್ ಕಟ್ಟಿಕೊಂಡು ಹೊಸಪೇಟೆಯ ಹಳೆಯ ಲ್ಯಾಬಿಗೆ ಬಂದಳು. ಖಾಲಿ ಇದ್ದದ್ದು ಅದೇ ಕಿಟಕಿಯ ಎದುರಿನ ಕುರ್ಚಿ. ಬಿಸಿಲಿಗೆ ಸಿದ್ಧಳಾಗಿ, ಕಣ್ಣು ಕಿರಿದು ಮಾಡಿಕೊಂಡೇ ಕೂತಳು.

ಬಿಸಿಲು ಬೀಳಲಿಲ್ಲ.

ಕಿಟಕಿಗೆ ಪರದೆ ಬಂದಿತ್ತು. ಅಂಗಡಿಯಲ್ಲಿ ಕೊಂಡ ಪರದೆಯಲ್ಲ, ಅಕ್ಕಿ ತುಂಬುವ ಬಿಳಿ ಬಟ್ಟೆಯ ಚೀಲಗಳನ್ನು ಬಿಚ್ಚಿ, ಎರಡು ಪದರ ಸೇರಿಸಿ ಹೊಲಿದದ್ದು. ಹಿಂದಿನಿಂದ ಬೆಳಕು ಬಿದ್ದು ಭತ್ತದ ತೆನೆಯ ಚಿತ್ರ, ಅದರ ಕೆಳಗೆ ಕಂಪ್ಲಿ ಎಂಬ ಅಕ್ಷರ ತಿರುಗುಮುರುಗಾಗಿ ಕಾಣುತ್ತಿದ್ದವು. ಸುಮಂಗಲಾ ಬಹಳ ಹೊತ್ತು ಅದನ್ನೇ ನೋಡಿದಳು.

ರಕ್ತ ತೆಗೆಯಲು ಬಂದದ್ದು ಹೊಸ ಹುಡುಗಿ. ಕೊರಳ ಕಾರ್ಡಿನಲ್ಲಿ ಕಾವ್ಯ ಎಂದಿತ್ತು. ಚೀಟಿಯಲ್ಲಿ ಸುಮಂಗಲಾಳ ಹೆಸರು ನೋಡಿದವಳೇ ಮುಖ ಅರಳಿಸಿದಳು.

“ಓ, ಸಂಡೂರು ಸುಮಂಗಲಾ ಅಂದ್ರ ನೀವೇನಕ್ಕಾ? ಆ ಪರದೆ ನಿಮಗಂತನ ಹಾಕ್ಯಾರ. ಕಂಪ್ಲಿಯವರು ಬಂದಿದ್ರು, ಮೊಳಿ ಸುತ್ತಿಗಿ ಎಲ್ಲಾ ತಾವ ತಂದಿದ್ರು.”

ಸುಮಂಗಲಾ ತೋಳು ಚಾಚಿದಳು. ಕಾವ್ಯ ರಬ್ಬರ್ ಪಟ್ಟಿ ಬಿಗಿಯುತ್ತ ಮಾತಾಡಿದಳು.

“ಆಮ್ಯಾಲ ನನ್ನ ಕುಂದ್ರಿಸಿಕೊಂಡು, ಲೂಪಸ್ನ್ಯಾಗ ಯಾವ್ದು ಏರಬೇಕು ಯಾವ್ದು ಇಳೀಬೇಕು ಎಲ್ಲಾ ಹೇಳ್ರಿ ಅಂದ್ರು. ಹೇಳ್ದೆ. ಸಿ-ತ್ರೀ, ಸಿ-ಫೋರ್ ಏರಬೇಕು, ಡಿಎನ್‌ಎ ಇಳೀಬೇಕು, ಮೂತ್ರದ ಪ್ರೋಟೀನ್ ಇಳೀಬೇಕು, ಕ್ರಿಯಾಟಿನಿನ್ ಇಳೀಬೇಕು. ಮಗ್ಗಿ ಹೇಳಿದಂಗ ಬಾಯಿಪಾಠ ಮಾಡಿದ್ರಕ್ಕಾ! ನನಗ ತಿರುಗಿಸಿ ಒಪ್ಪಿಸಿದ್ರು. ಒಂದೂ ತಪ್ಪಿಲ್ಲ.”

ಸೂಜಿ ಚುಚ್ಚಿತು. ಸುಮಂಗಲಾಳಿಗೆ ಅದು ತಿಳಿಯಲಿಲ್ಲ. ಕಲಿಸಿದ್ರ ಕಲೀತಿದ್ನಿ ಎಂಬ ಮಾತು ಕಿವಿಯಲ್ಲಿತ್ತು. ಕಲಿತಿದ್ದ. ಯಾರ ದನಿ ಸಣ್ಣದಾಗುವುದೆಂದು ಹೆದರಿ ಓಡಿಬಂದಿದ್ದಳೋ, ಅವನು ಸುತ್ತಿಗೆ ಹಿಡಿದು ಬಂದು, ಕೂತು, ಎಲ್ಲವನ್ನೂ ಕಲಿತು ಹೋಗಿದ್ದ. ಅವನು ಹೆದರಿರಲಿಲ್ಲ. ಹೆದರಿದವಳು ತಾನೊಬ್ಬಳೇ.

“ನಿಮ್ಮ ರಿಪೋರ್ಟ್ ಹೆಂಗ ಬಂತಂತ ಫೋನ್ ಮಾಡಿ ಹೇಳ್ರಿ ಅಂದ್ರು,” ಕಾವ್ಯ ಹೇಳುತ್ತಲೇ ಇದ್ದಳು. “ಹೊರಗಿನವರಿಗೆ ಹೇಳಂಗಿಲ್ರಿ, ನೀವು ಅವರಿಗೆ ಏನಾಗಬೇಕು ಅಂತ ಕೇಳ್ದೆ. ಭಾಳ ಹೊತ್ತು ಸುಮ್ನ ನಿಂತ್ರು. ಆಮ್ಯಾಲ ಅಣ್ಣ ಆಗಬೇಕು ಅಂದ್ರು. ಹೌದಲ್ಲಕ್ಕಾ? ನಿಮ್ಮ ಅಣ್ಣನ ಅಲ್ಲ ಅವರು?”

ಟ್ಯೂಬಿನಲ್ಲಿ ರಕ್ತ ಮೆಲ್ಲಗೆ ಏರುತ್ತಿತ್ತು. ಪರದೆಯ ನೆರಳು ಅವಳ ಮುಖದಿಂದ ಸೊಂಟದವರೆಗೆ ಸರಿಯಾಗಿ ಬಿದ್ದಿತ್ತು, ಅಳೆದು ಹೊಲಿಸಿದ ಹಾಗೆ.

“ಹೂಂ,” ಅಂದಳು ಸುಮಂಗಲಾ.